ಕೊಲ್ಹಾಪುರಕ್ಕೆ ಹೋಗದ ಕ್ಯಾಸೆಟ್ಟುಗಳು

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರು ತಾಲೂಕುಗಳಲ್ಲಿ ಯಾರ ಮನೆಯ ಟ್ರಂಕಿನಲ್ಲಾದರೂ ಮದುವೆಯ ಹಳೆಯ ಕ್ಯಾಸೆಟ್ಟು ಉಳಿದಿದ್ದರೆ, ಅದನ್ನು ಕಂಪ್ಯೂಟರಿಗೆ ಇಳಿಸಿ, ಮೊಬೈಲಿನಲ್ಲಿ ನೋಡುವಂತೆ ಮಾಡಿಕೊಡುವವಳು ನನ್ನ ತಂಗಿ. ಬೇರೆ ಯಾರಾದರೂ ಇದ್ದರೆ ನನಗೆ ಗೊತ್ತಿಲ್ಲ. ಇದನ್ನು ಹೆಮ್ಮೆಯಿಂದ ಬರೆಯುತ್ತಿದ್ದೇನೆ. ಈ ಒಂದು ಮಾತನ್ನು ನಾಲ್ಕು ಜನರ ಮುಂದೆ ಬಾಯಿಬಿಟ್ಟು ಹೇಳಲು ನನಗೆ ಬಹಳ ವರ್ಷ ಹಿಡಿಯಿತು. ಯಾಕೆ ಹಿಡಿಯಿತು ಎಂಬುದನ್ನೂ ಬರೆಯಬೇಕು. ಇಲ್ಲದಿದ್ದರೆ ನನ್ನ ಹೆಮ್ಮೆ ಅರ್ಧ ಸುಳ್ಳಾಗುತ್ತದೆ.

ನಾನು ಸಾಲಿ ಬಿಟ್ಟಿದ್ದು ಏಳನೆಯ ತರಗತಿಗೆ. ಗೋಕಾಕದ ಒಂದು ಫೋಟೋ ಸ್ಟುಡಿಯೋದಲ್ಲಿ ಕಸ ಹೊಡೆದು, ಮದುವೆಗಳಲ್ಲಿ ಲೈಟು ಹಿಡಿದು, ಕೊನೆಗೆ ಕ್ಯಾಮೆರಾ ಹಿಡಿಯುವುದನ್ನು ಕಲಿತೆ. ಮುಂದೆ ಒಂದು ಹಳೆಯ ವಿಡಿಯೋ ಕ್ಯಾಮೆರಾ ಕೊಂಡು ಮೂಡಲಗಿಯ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೇ ಅಂಗಡಿ ಹಾಕಿದೆ. ನಮ್ಮ ಮನೆ ತುಕ್ಕಾನಟ್ಟಿಯಲ್ಲಿ. ಕ್ಯಾಮೆರಾದ ಕ್ಯಾಸೆಟ್ಟು ಕಡ್ಡಿಪೆಟ್ಟಿಗೆಗಿಂತ ತುಸು ದೊಡ್ಡದು. ಅಷ್ಟರಲ್ಲಿ ಒಂದು ತಾಸಿನ ಮದುವೆ ಹಿಡಿಸುತ್ತಿತ್ತು. ಶೂಟಿಂಗ್ ಮುಗಿದ ಮೇಲೆ ಆ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ, ಬೇಡದ್ದನ್ನು ಕತ್ತರಿಸಿ, ಹಾಡು ಕೂಡಿಸಿ ಸಿಡಿ ಮಾಡುವುದಕ್ಕೆ ನಮ್ಮ ಕಡೆ ಮಿಕ್ಸಿಂಗ್ ಅನ್ನುತ್ತಾರೆ. ಎಲ್ಲರೂ ಮಿಕ್ಸಿಂಗನ್ನು ಕೊಲ್ಹಾಪುರದಂಥ ದೊಡ್ಡ ಊರಿಗೆ ಕಳಿಸುತ್ತಿದ್ದರು. ನಾನು ಮಾತ್ರ ಧೈರ್ಯ ಮಾಡಿ ಒಂದು ಕಂಪ್ಯೂಟರ್ ತಂದು ಮನೆಯ ನಡುಮನೆಯಲ್ಲಿ ಇಟ್ಟೆ.

ತಂದೆನೇ ಹೊರತು ಅದನ್ನು ಮುಟ್ಟುವ ಧೈರ್ಯ ನನಗೆ ಬರಲಿಲ್ಲ. ಮಾರಿದವನು ಬಂದು ಒಂದೇ ಸಲ ತೋರಿಸಿ ಹೋದ. ನಾನು ಅವನಿಗೆ ಚಹಾ ತರಲು ಎದ್ದು ಹೋಗಿದ್ದೆ. ತಂಗಿ ಅವನ ಬೆನ್ನ ಹಿಂದೆ ನಿಂತು ನೋಡಿದ್ದಳು. ಅವಳು ಹತ್ತನೆಯ ತರಗತಿಯಲ್ಲಿ ಇಂಗ್ಲಿಷ್ ಒಂದರಲ್ಲಿ ಬಿದ್ದು ಮನೆಯಲ್ಲಿ ಹೊಲಿಗೆ ಮಷಿನ್ ತುಳಿಯುತ್ತಿದ್ದ ಕಾಲ ಅದು. ಮರುದಿನ ನಾನು ಕೇಬಲ್ ಹಿಡಿದುಕೊಂಡು ಅದರ ಯಾವ ತುದಿ ಎಲ್ಲಿಗೆ ಎಂದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಗ ಅವಳು ಅದನ್ನು ಕೈಯಿಂದ ಕಸಿದುಕೊಂಡಳು.

"ಸಣ್ಣ ಬಾಯಿ ಕ್ಯಾಮೆರಾಕ್ಕ, ದೊಡ್ಡ ಬಾಯಿ ಕಂಪ್ಯೂಟರಿಗೆ. ಸೂಜಿಗೆ ದಾರ ಹಾಕಾಕ ಬರದಾಂವ ಕ್ಯಾಮೆರಾ ಹೆಂಗ ಹಿಡೀತಿಯೋ ಅಣ್ಣಾ?"

ಕ್ಯಾಸೆಟ್ಟು ಇಳಿಸುವುದೆಂದರೆ ಈಗಿನ ಹಾಗೆ ಕಾರ್ಡು ಹಾಕಿ ಎತ್ತಿಕೊಳ್ಳುವುದಲ್ಲ. ಕ್ಯಾಮೆರಾದಲ್ಲಿ ಕ್ಯಾಸೆಟ್ಟು ಓಡಬೇಕು, ಓಡಿದಷ್ಟೇ ಕಂಪ್ಯೂಟರಿಗೆ ಬರಬೇಕು. ಒಂದು ತಾಸಿನ ಕ್ಯಾಸೆಟ್ಟು ಇಳಿಯಲು ಒಂದು ತಾಸೇ ಬೇಕು. ನಡುವೆ ಕರೆಂಟು ಜಿಗಿದರೆ, ಕಂಪ್ಯೂಟರ್ ಬೇರೆ ಏನಾದರೂ ಕೆಲಸ ಹಚ್ಚಿಕೊಂಡರೆ, ಚಿತ್ರ ಹರಿದುಹೋಗುತ್ತದೆ. ಮತ್ತೆ ಮೊದಲಿನಿಂದ. ಹಾಗಾಗಿ ತಂಗಿ ಕ್ಯಾಸೆಟ್ಟಿನ ಮುಂದೆ ಕೂತರೆ ಏಳುತ್ತಿರಲಿಲ್ಲ. ನಾನು ಹಿಡಿದುಕೊಂಡು ಬಂದ ಪ್ರತಿ ಮದುವೆಯನ್ನು, ಪ್ರತಿ ಊಟದ ಪಂಕ್ತಿಯನ್ನು, ಪ್ರತಿ ಬೀಗರ ಜಗಳವನ್ನು ಅವಳು ಪೂರ್ತಿ ನೋಡಿದ್ದಾಳೆ. ನಾನು ನೋಡಿಲ್ಲ. ಕ್ಯಾಮೆರಾ ಹಿಡಿದವನಿಗೆ ಒಂದು ಕಣ್ಣಷ್ಟೇ ಇರುತ್ತದೆ, ಅದೂ ಮುಂದಿನ ಹೆಜ್ಜೆಯ ಮೇಲೆ.

ನಮ್ಮ ಮನೆಯ ಬಾಜೂ ಓಣಿಯಲ್ಲಿ ಹಿಟ್ಟಿನ ಗಿರಣಿ. ಅದು ಶುರುವಾದರೆ ನಮ್ಮ ಮನೆಯ ಬಲ್ಬು ಕೆಂಪಾಗುತ್ತಿತ್ತು, ಕಂಪ್ಯೂಟರ್ ನಡುಗುತ್ತಿತ್ತು. ತಂಗಿ ಕ್ಯಾಸೆಟ್ಟು ಹಚ್ಚುವ ಮೊದಲು ಗಿರಣಿಗೆ ಓಡುತ್ತಿದ್ದಳು.

"ಮಾಮಾ, ಒಂದ ತಾಸ ಗಿರಣಿ ಬಂದ್ ಇಡ್ರಿ. ಲಗ್ನ ನಡದೈತಿ."

"ಯಾರದವಾ ಲಗ್ನ?"

"ಹುಕ್ಕೇರ್ಯಾವರ್ದು. ಇನ್ನ ಅಕ್ಕಿಕಾಳ ಬಿದ್ದಿಲ್ಲ."

ಜೋಳದ ಬುಟ್ಟಿ ಹಿಡಿದು ಸಾಲಿನಲ್ಲಿ ನಿಂತ ಹೆಂಗಸರು ನಗುತ್ತಿದ್ದರು. "ಹುಕ್ಕೇರ್ಯಾಗ ಲಗ್ನ, ತುಕ್ಕಾನಟ್ಟ್ಯಾಗ ನಮಗ ರೊಟ್ಟಿ ಇಲ್ಲ, ಚಲೋ ಆತಲ್ಲ!" ಎಂದು ಒಬ್ಬಳು. ಆದರೂ ಗಿರಣಿಯವನು ಪಟ್ಟೆ ಇಳಿಸಿ ಬೀಡಿ ಹಚ್ಚುತ್ತಿದ್ದ. ಅಕ್ಷತೆಯ ಅಕ್ಕಿಕಾಳು ಬಿದ್ದವು ಎಂದು ತಂಗಿ ಬಂದು ಹೇಳಿದ ಮೇಲೆಯೇ ಊರಿನ ಜೋಳ ಹಿಟ್ಟಾಗುತ್ತಿತ್ತು. ಒಂದು ಹುಡುಗಿಯ ಮಾತಿಗೆ ಗಿರಣಿ ನಿಲ್ಲುತ್ತಿತ್ತು. ಆಗ ನನಗೆ ಅದು ತಮಾಷೆಯಾಗಿ ಕಾಣುತ್ತಿತ್ತು.

ಇನ್ನು ನನ್ನ ತಪ್ಪು.

ನನಗೆ ಮೊದಲ ದೊಡ್ಡ ಕೆಲಸ ಸಿಕ್ಕಿದ್ದು ಹುಕ್ಕೇರಿಯ ಒಬ್ಬ ಬಟ್ಟೆ ಅಂಗಡಿಯ ಸಾವಕಾರರ ಮಗಳ ಮದುವೆಯಲ್ಲಿ. ದೊಡ್ಡ ಬಳಗ, ಮಠದ ಸ್ವಾಮಿಗಳು ಬಂದಿದ್ದರು. ಊಟದ ಹೊತ್ತಿನಲ್ಲಿ ಸಾವಕಾರರು ನನ್ನನ್ನು ಬದಿಗೆ ಕರೆದು, "ತಮ್ಮಾ, ಮಿಕ್ಸಿಂಗ್ ಎಲ್ಲಿ ಮಾಡಸ್ತಿ?" ಎಂದು ಕೇಳಿದರು. ಮನೆಯಲ್ಲಿ ತಂಗಿ ಮಾಡುತ್ತಾಳೆ ಎನ್ನಲು ನಾಲಿಗೆ ಏಳಲಿಲ್ಲ. "ಕೊಲ್ಹಾಪುರದಾಗ್ರಿ" ಅಂದುಬಿಟ್ಟೆ. ಅಷ್ಟೇ ಅಂದೆ ಎಂದು ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ.

ಒಂದು ಸಲ ಅಂದ ಮೇಲೆ ಅದನ್ನು ಸಾಕಬೇಕಾಯಿತು. ತಂಗಿ ವಾರದಲ್ಲಿ ಮಿಕ್ಸಿಂಗ್ ಮುಗಿಸಿ ಸಿಡಿ ಕೈಗೆ ಕೊಟ್ಟಳು. ಅಷ್ಟು ಬೇಗ ಕೊಲ್ಹಾಪುರದಿಂದ ಬರುತ್ತದೆಯೇ? ನಾನು ಅದನ್ನು ಅಂಗಡಿಯ ಕಪಾಟಿನಲ್ಲಿ ಬೀಗ ಹಾಕಿ ಇಟ್ಟೆ. ಸಾವಕಾರರು ಫೋನು ಮಾಡಿದಾಗಲೆಲ್ಲ "ಇನ್ನೂ ಬಂದಿಲ್ರಿ, ಮಿಕ್ಸಿಂಗ್ ಮಾಸ್ತರ ಕೈಯಾಗ ಭಾಳ ಕೆಲಸ ಅದಾವಂತ" ಎಂದೆ. ಮನೆಯಲ್ಲಿ ತಂಗಿ "ಹುಕ್ಕೇರ್ಯಾವ್ರು ಏನಂದ್ರೋ ಅಣ್ಣಾ? ಚಲೋ ಆಗೇತಂತ?" ಎಂದು ಕೇಳಿದರೆ "ಇನ್ನೂ ಒಯ್ಯಾಕ ಬಂದಿಲ್ಲ" ಎಂದೆ. ಕೊನೆಗೆ ಕೊಟ್ಟ ದಿನ ಸಾವಕಾರರು ಅಂಗಡಿಯಲ್ಲೇ ಕೂತು ನೋಡಿ, "ಕೊಲ್ಹಾಪುರದ ಕೈ ಅಂದ್ರ ಕೊಲ್ಹಾಪುರದ್ದ ನೋಡು" ಎಂದು ತೊಡೆ ತಟ್ಟಿದರು. ನಾನು ತಲೆ ಅಲ್ಲಾಡಿಸಿದೆ. ಆ ಮಾತಿನಿಂದ ಹುಕ್ಕೇರಿಯ ಮದುವೆಗಳೆಲ್ಲ ನನಗೆ ಬಂದವು. ಪ್ರತಿ ಸಿಡಿಯೂ ಕಪಾಟಿನಲ್ಲಿ ತನ್ನ ಕೊಲ್ಹಾಪುರದ ವಾಸ ಮುಗಿಸಿಯೇ ಹೊರಗೆ ಬರುತ್ತಿತ್ತು.

ಒಮ್ಮೆ ಘಟಪ್ರಭಾ ಸ್ಟೇಷನ್ನಿನಲ್ಲಿ ನಾವಿಬ್ಬರೂ ರೈಲಿಗೆ ಕಾಯುತ್ತಿದ್ದೆವು. ಬೆಂಚಿನ ಮೇಲೆ ಕೂತ ಒಬ್ಬ ಹೆಣ್ಣುಮಗಳನ್ನು ನೋಡಿ ತಂಗಿ ನೇರ ಹತ್ತಿರ ಹೋದಳು.

"ಅಕ್ಕಾರ, ಅವತ್ತ ಊಟಕ್ಕ ಕುಂತಾಗ ನಿಮ್ಮ ಕಿವ್ಯಾನ ಝುಮಕಿ ಬಿದ್ದಿತ್ತಲ್ರಿ, ಸಿಕ್ತೇನ್ರಿ?"

ಆಕೆ ಹೌಹಾರಿ ಕಿವಿ ಮುಟ್ಟಿಕೊಂಡಳು. "ಸಿಕ್ತವಾ, ಎಲಿ ಎತ್ತೂ ಮುಂದ ಸಿಕ್ತು. ನೀ ಯಾರಾಕಿ? ನಮ್ಮ ಬೀಗರ ಕಡೇದಾಕಿ ಏನ?"

ಹುಕ್ಕೇರಿಯನ್ನು ತಂಗಿ ಆವರೆಗೆ ಕಣ್ಣಿಂದ ಕಂಡಿರಲಿಲ್ಲ, ಆದರೆ ಅಲ್ಲಿಯ ಅರ್ಧ ಊರು ಅವಳಿಗೆ ಗುರುತು. "ಅಲ್ರಿ, ನಾ ಕ್ಯಾಸೆಟ್ಟಿನ್ಯಾಗ..." ಎಂದು ಅವಳು ಶುರು ಮಾಡುವಷ್ಟರಲ್ಲಿ ನಾನು ಅವಳ ರಟ್ಟೆ ಹಿಡಿದು ಎಳೆದುಕೊಂಡು ಬಂದೆ. ರೈಲು ಬಂತು ಎಂದು ಸುಳ್ಳು ಹೇಳಿದೆ. ರೈಲು ಎಲ್ಲಿಯೂ ಇರಲಿಲ್ಲ. ತಂಗಿ ಖಾಲಿ ಹಳಿಯನ್ನು ನೋಡಿದಳು, ನನ್ನ ಮುಖ ನೋಡಿದಳು.

ಅವಳಿಗೆ ನಮ್ಮ ತುಕ್ಕಾನಟ್ಟಿಯಲ್ಲೇ, ಎರಡು ಓಣಿಯಾಚೆ, ಸೋದರಮಾವನ ಮಗನ ಜೊತೆ ಮದುವೆಯಾಯಿತು. ಟ್ರ್ಯಾಕ್ಟರಿನಲ್ಲಿ ಹಂಡೆ, ಕೊಡ, ಗಾದಿಯ ಜೊತೆ ಕಂಪ್ಯೂಟರೂ ಹೋಯಿತು. "ಬಳುವಳಿಗೆ ಟಿ.ವಿ. ಕೊಟ್ಟಾರ" ಎಂದು ಊರವರು ಅಂದುಕೊಂಡರು. ಅಲ್ಲಿಂದಲೇ ಅವಳು ಕೆಲಸ ಮುಂದುವರಿಸಿದಳು. ಕ್ಯಾಸೆಟ್ಟಿನ ಕಾಲ ಹೋಗಿ ಕಾರ್ಡಿನ ಕ್ಯಾಮೆರಾ ಬಂತು. ಹೊಸ ಕಂಪ್ಯೂಟರ್ ಬಂತು. ಅವಳು ಹಳೆಯದನ್ನು ಬಿಡಲಿಲ್ಲ. ಹಳೆಯ ಕ್ಯಾಮೆರಾ, ಆ ಕೇಬಲ್ಲು, ಆ ಕಂಪ್ಯೂಟರ್, ಮೂರನ್ನೂ ಒಂದು ಹಳೆಯ ಸೀರೆ ಹೊದಿಸಿ ಇಟ್ಟು, ಅಮಾವಾಸ್ಯೆಗೊಮ್ಮೆ ಧೂಳು ಒರೆಸಿ ಓಡಿಸಿ ನೋಡುತ್ತಿದ್ದಳು. ನಾನು ನಗುತ್ತಿದ್ದೆ.

ಈಗ ಕೆಲವು ವರ್ಷಗಳಿಂದ ಆ ನಗೆಗೆ ಉತ್ತರ ಬಂದಿದೆ. ಜನರ ಸಿಡಿಗಳು ಗೆರೆ ಬಿದ್ದು ಹಾಳಾಗಿವೆ. ಆದರೆ ಮೂಲ ಕ್ಯಾಸೆಟ್ಟನ್ನು ನಾವು ಅವರಿಗೇ ಕೊಟ್ಟಿರುತ್ತಿದ್ದೆವು, ಅದು ಕುಪ್ಪಸದ ಖಣಗಳ ನಡುವೆ ಚೆನ್ನಾಗಿಯೇ ಉಳಿದಿದೆ. ಅದನ್ನು ಹಿಡಿದುಕೊಂಡು ಜನ ಅಂಗಡಿ ಅಂಗಡಿ ತಿರುಗಿ, ಎಲ್ಲಿಯೂ ಆಗದೆ ನನ್ನಲ್ಲಿಗೆ ಬರುತ್ತಾರೆ. ಕೆಲಸ ಹೆಚ್ಚಿತು. ಆಗ ತಂಗಿ ಒಂದು ಮಾತು ಕೇಳಿದಳು.

"ಅಣ್ಣಾ, ನಾ ಅಂಗಡಿಗೆ ಬಂದ ಕುಂದರ್ತೀನಿ. ಮಂದಿ ಏನ ಬೇಕಂತ ನನ್ನ ಮುಂದ ಹೇಳ್ಲಿ. ಅವ್ರು ನಿಂಗ ಹೇಳಿ, ನೀ ಮರತ, ನಾ ತಿಳೀದ ಮಾಡಿ... ಸಾಕಾಗೇತಿ."

ನಾನು ಬಸ್ ಸ್ಟ್ಯಾಂಡಿನ ಧೂಳಿನ ಮಾತಾಡಿದೆ. ಜಾಗ ಸಾಲದು ಎಂದೆ. ಇನ್ನೊಮ್ಮೆ ಕೇಳಿದಾಗ ಬೇಸಿಗೆ ಕಳೆಯಲಿ ಎಂದೆ. ನಿಜವಾದ ಕಾರಣ ಒಂದೇ. ಅವಳು ಅಂಗಡಿಯಲ್ಲಿ ಕೂತರೆ ಕೊಲ್ಹಾಪುರ ಸುಳ್ಳಾಗುತ್ತದೆ. ತಂಗಿಗೆ ಅಂಗಡಿಯಲ್ಲಿ ಒಂದು ಕುರ್ಚಿ ಸಿಗದಂತೆ ಆ ಊರು ಅಡ್ಡ ಕೂತಿತ್ತು, ಅದನ್ನು ಅಲ್ಲಿ ಕೂರಿಸಿದವನು ನಾನು.

ಅಷ್ಟರಲ್ಲಿ ಹುಕ್ಕೇರಿಯ ಅದೇ ಸಾವಕಾರರು ಬಂದರು. ಕೈಯಲ್ಲಿ ಮಗಳ ಮದುವೆಯ ಕ್ಯಾಸೆಟ್ಟು. ಮೊಮ್ಮಗಳು ಅಪ್ಪ ಅವ್ವನ ಮದುವೆ ನೋಡಬೇಕೆಂದು ಹಟ ಹಿಡಿದಿದ್ದಳಂತೆ. "ಕತ್ತರಿ ಗಿತ್ತರಿ ಬ್ಯಾಡ ತಮ್ಮಾ, ಇದ್ದದ್ದ ಇದ್ದಂಗ ಪೂರಾ ಬೇಕು" ಎಂದು ಹೇಳಿ, ಬರುವ ವಾರ ಬರುತ್ತೇನೆಂದು ಹೋದರು.

ನಾನು ಕ್ಯಾಸೆಟ್ಟು ಒಯ್ದ ದಿನ ತಂಗಿ ನಿಡಸೋಸಿಗೆ ಹೊರಟು ನಿಂತಿದ್ದಳು, ಮಗಳ ಕಾಲೇಜಿನ ಕೆಲಸಕ್ಕೆ. ಕ್ಯಾಸೆಟ್ಟಿನ ಡಬ್ಬಿಯ ಮೇಲಿನ ಬರಹ ನೋಡಿದಳು. ಕೈಚೀಲ ಕೆಳಗಿಟ್ಟು, ಕ್ಯಾಮೆರಾಕ್ಕೆ ಹಾಕಿ, ಕೇಬಲ್ ಚುಚ್ಚಿ, ನನ್ನನ್ನು ಕುರ್ಚಿಯ ಮೇಲೆ ಕೂರಿಸಿದಳು.

"ಇವತ್ತ ನೀನ ಇಳಸು. ಏನೂ ಮುಟ್ಟಬ್ಯಾಡ, ಏಳಬ್ಯಾಡ. ಚಿತ್ರ ಹರದ್ರ ಮತ್ತ ಮೊದಲಿಂದ."

ಇಷ್ಟು ವರ್ಷದ ಧಂದೆಯಲ್ಲಿ ನಾನು ಹಿಡಿದ ಒಂದು ಕ್ಯಾಸೆಟ್ಟನ್ನು ಪೂರ್ತಿ ನೋಡಿದ್ದು ಅವತ್ತೇ. ನಾಚಿಕೆಯಾಯಿತು. ಸುರಗಿ ನೀರಿನ ಹೊತ್ತಿಗೆ, ನಾಲ್ಕು ಬಿಂದಿಗೆಗೆ ನೂಲು ಸುತ್ತಿ ಮದುಮಗಳನ್ನು ನಡುವೆ ಕೂರಿಸಿದಾಗ, ನನ್ನ ಬೆರಳು ಲೆನ್ಸಿನ ಮೂಲೆಯಲ್ಲಿ. ಸ್ವಾಮಿಗಳು ಬಂದಾಗ ಕ್ಯಾಮೆರಾ ಹಂದರದ ಬಟ್ಟೆ ನೋಡುತ್ತಿದೆ. ಹೆಣ್ಣಿನ ತಾಯಿ ಅಳು ನುಂಗುವುದನ್ನು ನಾನು ಅರ್ಧಕ್ಕೇ ಬಿಟ್ಟು ಬೂಂದಿಯ ಬುಟ್ಟಿಗೆ ಓಡಿದ್ದೇನೆ. ಸಾವಕಾರರು ತೊಡೆ ತಟ್ಟಿ ಮೆಚ್ಚಿದ್ದು ಈ ಅಧ್ವಾನದಿಂದ ತಂಗಿ ಆರಿಸಿ ತೆಗೆದ ಮದುವೆಯನ್ನು. ಬೆರಳಿಲ್ಲದ ತುಣುಕು, ನೆಟ್ಟಗಿನ ತುಣುಕು, ಒಬ್ಬರಾದರೂ ನಗುವ ತುಣುಕು ಹುಡುಕಿ ಹುಡುಕಿ ಜೋಡಿಸಿದ್ದಳು. ನನ್ನ ಎದೆ ಉಬ್ಬಿತು. ಇಂಥ ಕೆಲಸ ಮಾಡಿದ್ದು ನನ್ನ ತಂಗಿ ಎಂದು ಯಾರನ್ನಾದರೂ ಕರೆದು ತೋರಿಸಬೇಕೆನಿಸಿತು.

ಆಗ ಪರದೆಯ ಮೇಲೆ ನೆಲ ಬಂತು. ಊಟದ ಹೊತ್ತು. ನಾನು ಕ್ಯಾಮೆರಾ ಬಂದ್ ಮಾಡಲು ಮರೆತು ಸೊಂಟದ ಹತ್ತಿರ ಇಳಿಬಿಟ್ಟಿದ್ದೆ. ಜೋಲಾಡುವ ನೆಲ, ನನ್ನ ಎರಡು ಕಾಲು, ಎದುರಿಗೆ ಇನ್ನೆರಡು ಕಾಲು, ಅದರಲ್ಲಿ ಎಡಗಾಲಿನ ಚಪ್ಪಲಿಯ ಉಂಗುಟ ಹರಿದಿದೆ. ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ತಮ್ಮಾ, ಮಿಕ್ಸಿಂಗ್ ಎಲ್ಲಿ ಮಾಡಸ್ತಿ?"

"ಕೊಲ್ಹಾಪುರದಾಗ್ರಿ."

"ಮನ್ಯಾಗ ಕಂಪ್ಯೂಟರ್ ತಂದಿಯಂತ, ನಿಮ್ಮ ತಂಗಿ ಮಾಡ್ತಾಳಂತ ಯಾರೋ ಅಂದ್ರು?"

"ಛೇ ಛೇ, ಆಕಿ ಏನ್ ಮಾಡ್ತಾಳ್ರಿ. ಹುಡುಗ್ಯಾರ ಕೈಯಾಗ ಕೊಡಾಕ ಇದೇನ ರೊಟ್ಟಿ ಬಡಿಯೂ ಕೆಲಸಾನ?"

ಆಮೇಲೆ ಸಾವಕಾರರ ನಗು, ಅದರ ಜೊತೆ ನನ್ನದೂ ನಗು.

ಈ ಮಾತು ನನಗೆ ನೆನಪೇ ಇರಲಿಲ್ಲ. ನನ್ನ ನೆನಪು ತನಗೆ ಬೇಕಾದ ಹಾಗೆ ತಾನೇ ಮಿಕ್ಸಿಂಗ್ ಮಾಡಿಕೊಂಡಿತ್ತು. ಎದ್ದು ಹೋಗೋಣವೆಂದರೆ ಏಳುವ ಹಾಗಿಲ್ಲ, ನಿಲ್ಲಿಸಿದರೆ ಮತ್ತೆ ಮೊದಲಿನಿಂದ. ಉಳಿದ ಕ್ಯಾಸೆಟ್ಟು ಮುಗಿಯುವ ತನಕ ಆ ಕುರ್ಚಿಯಲ್ಲೇ ಕೂತೆ. ಇದೇ ಹುಡುಗಿ ಇದೇ ಕಂಪ್ಯೂಟರಿನ ಮುಂದೆ, ಗಿರಣಿ ನಿಲ್ಲಿಸಿ ಬಂದು, ಏಳದೆ ಕೂತು ಇದನ್ನು ಕೇಳಿದ್ದಳು. ಕೇಳಿದ ಮೇಲೂ ವಾರದಲ್ಲಿ ಕೆಲಸ ಮುಗಿಸಿ ಸಿಡಿ ಕೈಗಿಟ್ಟು, ಚೆನ್ನಾಗಿದೆಯಂತಾ ಎಂದು ಕೇಳಿದ್ದಳು.

ಸಂಜೆಯ ಬಸ್ಸಿಗೆ ತಂಗಿ ಬಂದಳು. ಕೈಚೀಲ ಇಳಿಸಿ, ಕಾಲು ತೊಳೆದು, ಪರದೆಯ ಕಡೆ ನೋಡಿ ಕೇಳಿದಳು.

"ಪೂರಾ ಇಳೀತ? ಚಪ್ಪಲಿ ಸೀನು ಬಂತ?"

ಬಂತು ಎಂದು ತಲೆಯಾಡಿಸಿದೆ.

"ಅದೊಂದ ಅಲ್ಲ ಅಣ್ಣಾ. ಬಂದ್ ಮಾಡೂದು ನೀ ಮರಿಯೂದು ಒಂದ ಸಲ ಏನ? ಕೊಲ್ಹಾಪುರದ ಮಾಸ್ತರಗ ಮೀಸಿ ಅದಾವು, ಹೊಟ್ಟಿ ಬ್ಯಾನಿ ಐತಿ, ಎರಡನೇ ಹೇಣ್ತಿ ಅದಾಳ, ಎಲ್ಲಾ ಗೊತ್ತೈತಿ ನಂಗ. ನೀನ ಒಂದೊಂದ ಮನ್ಯಾಗ ಒಂದೊಂದ ಹೇಳೀದಿ."

"ಹಂಗಾರ ಯಾಕ ಕೇಳ್ಲಿಲ್ಲ ತಂಗಿ?"

"ಹೇಳಾಂವ ನೀನು. ನಾ ಯಾಕ ಕೇಳ್ಲಿ?"

"ಇವತ್ತ ನನ್ನ ಬೇಕಂತ ಕುಂದರ್ಸಿದಿ."

"ನಾಳೆ ಇಳಸಿದ್ರೂ ನಡೀತಿತ್ತು" ಎಂದಳು, ಚಹಾಕ್ಕೆ ಇಡಲು ಒಳಗೆ ಹೋದಳು.

ಸಾವಕಾರರು ಹೇಳಿದಂತೆ ಬಂದರು. ಅಂಗಡಿಯ ಪರದೆಯ ಮೇಲೆ ಸ್ವಲ್ಪ ಹಚ್ಚಿ ತೋರಿಸಿದೆ. ಮಗಳ ಎಳೆಯ ಮುಖ ನೋಡಿ ಕಣ್ಣೊರೆಸಿಕೊಂಡು, "ಆ ಕೊಲ್ಹಾಪುರದ ಮಾಸ್ತರ ಇನ್ನೂ ಅದಾನೇನೋ?" ಎಂದರು. ಅಂಗಡಿಯಲ್ಲಿ ಇನ್ನೂ ಗಿರಾಕಿಗಳಿದ್ದರು. ಅವರು ಹೋಗಲಿ ಎಂದು ಒಂದು ಕ್ಷಣ ಅನಿಸಿತು. ಆಮೇಲೆ ಅವರು ಇರುವುದೇ ಒಳ್ಳೆಯದು ಅನಿಸಿತು.

"ಸಾವಕಾರ್ರ, ಕೊಲ್ಹಾಪುರದಾಗ ಯಾವ ಮಾಸ್ತರೂ ಇಲ್ರಿ. ಯಾವತ್ತೂ ಇರಲಿಲ್ಲ. ಎಲ್ಲಾ ಕೆಲಸ ನನ್ನ ತಂಗೀದು. ಅವತ್ತಿನದೂ, ಇವತ್ತಿನದೂ."

ಅವರು ಕನ್ನಡಕ ಮೇಲೆತ್ತಿ ನನ್ನನ್ನು ನೋಡಿದರು. "ಮತ್ತ ಅವತ್ತ ಸಿಡಿ ಬಂದಿಲ್ಲ ಬಂದಿಲ್ಲ ಅಂತ ನನ್ನ ಕುಣಿಸಿದ್ದು?"

"ಈ ಕಪಾಟಿನ್ಯಾಗ ಇತ್ರಿ."

"ಎಲಾ ಇವನ! ಊರ ಮಂದಿಗೆಲ್ಲಾ ಕೊಲ್ಹಾಪುರ ಕೊಲ್ಹಾಪುರ ಅಂತ ಡಂಗುರ ಹೊಡದೇನಲ್ಲೋ ನಾನು!" ಗಿರಾಕಿಗಳು ಜೋರಾಗಿ ನಕ್ಕರು. ಸಾವಕಾರರು ನಗಲಿಲ್ಲ. "ಏಳು, ಗಾಡಿ ಹತ್ತು. ಆ ಮಾಸ್ತರಬಾಯಿನ್ನ ನಾ ನೋಡಬೇಕು."

ತುಕ್ಕಾನಟ್ಟಿಯ ಮನೆಯಲ್ಲಿ ತಂಗಿ ಅವರಿಗೆ ನೀರು ಕೊಟ್ಟು, ಕಾಲ ಕಡೆ ನೋಡಿ ನಕ್ಕಳು.

"ಅವತ್ತ ನಿಮ್ಮ ಎಡಗಾಲಿನ ಚಪ್ಪಲಿ ಉಂಗುಟ ಹರದಿತ್ತಲ್ರಿ ಕಾಕಾರ."

ಅವರು ತಂಬಿಗೆ ಹಿಡಿದಲ್ಲೇ ನಿಂತರು. "ಮಗಳ ಲಗ್ನದಾಗ ಚಪ್ಪಲಿ ಹೊಲಸಾಕ ಪುರಸತ್ತ ಇರಲಿಲ್ಲ ತಂಗೀ. ನಿಂಗ ಹೆಂಗ ಗೊತ್ತು?"

"ಕ್ಯಾಸೆಟ್ಟಿನ್ಯಾಗ ಐತ್ರಿ. ಅಣ್ಣ ಕೊಲ್ಹಾಪುರ ಅಂದಿದ್ದೂ ಐತಿ. ರೊಟ್ಟಿ ಬಡಿಯೂ ಕೆಲಸಾನ ಅಂದಿದ್ದೂ ಐತಿ."

"ನಾ ಏನಂದೆ?"

"ನೀವು ಏನೂ ಅನಲಿಲ್ರಿ. ನಕ್ರಿ."

ಸಾವಕಾರರು ಕಾಟಿನ ಮೇಲೆ ಕೂತರು. ನೀರು ಕುಡಿದು ತಂಬಿಗೆ ಕೆಳಗಿಟ್ಟು, "ಸಿಡ್ಯಾಗ ಆ ನಗಿ ಇರಲಿಲ್ಲ" ಎಂದರು.

"ಕತ್ತರಿಸಿದ್ನಿರಿ. ನಿಮ್ಮ ಮಗಳ ಲಗ್ನದ ಸಿಡಿ ಅದು. ಅದರಾಗ ನನ್ನ ಸಿಟ್ಟ ಯಾಕ ಹಾಕ್ಲಿ?"

ಅವರು "ಈಗ ಕೊಟ್ಟದ್ದರಾಗ ಐತೇನ?" ಎಂದು ಕೇಳಿದರು.

"ಪೂರಾ ಬೇಕಂದ್ರಂತಲ್ರಿ. ಐತಿ. ಬ್ಯಾಡ ಅಂದ್ರ ಈಗ ತಗೀತೀನಿ."

"ಬ್ಯಾಡ, ಇರ್ಲಿ. ಅವರಜ್ಜ ಹೆಂಗ ನಕ್ಕಿದ್ದ ಅಂತ ಮೊಮ್ಮಗಳು ನೋಡ್ಲಿ. ನಾನ ತೋರಸ್ತೀನಿ." ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು, "ನಮ್ಮ ಹುಕ್ಕೇರ್ಯಾಗ ಇಂಥಾ ಕ್ಯಾಸೆಟ್ ಭಾಳ ಅದಾವ ತಂಗೀ. ನಿನ್ನ ಅಂಗಡಿ ಎಲ್ಲಿ?"

ತಂಗಿ ನನ್ನನ್ನು ನೋಡಿದಳು.

"ಮೂಡಲಗ್ಯಾಗ್ರಿ" ಎಂದೆ ನಾನು. "ಬಸ್ ಸ್ಟ್ಯಾಂಡ್ ಬಾಜೂಕ. ಸೋಮವಾರದಿಂದ ಆಕಿ ಅಲ್ಲೇ ಕುಂದರ್ತಾಳ."

ಸೋಮವಾರ ಟ್ರ್ಯಾಕ್ಟರಿನಲ್ಲಿ ಕಂಪ್ಯೂಟರ್ ಎರಡನೆಯ ಸಲ ಪ್ರಯಾಣ ಮಾಡಿತು. ಗಿರಣಿಯ ಮಾಮಾ ಮೇಜಿಗೆ ಕೈ ಹಚ್ಚಲು ಬಂದಿದ್ದರು. ತಲೆ ಮೀಸೆ ಹಣ್ಣಾಗಿದ್ದರೂ ಹಿಟ್ಟಿನ ಬಿಳುಪು ಯಾವುದು, ಕೂದಲಿನ ಬಿಳುಪು ಯಾವುದು ಎಂದು ತಿಳಿಯುವುದಿಲ್ಲ. "ಇನ್ನ ನನ್ನ ಗಿರಣಿ ನಿಲ್ಲಸಾಕ ಯಾರ ಬರ್ತಾರವಾ?" ಎಂದು ಕೇಳಿದರು. "ಬೀಡಿ ಸೇದೂದ ಬಿಡ್ರಿ ಮಾಮಾ, ನಾ ಗಿರಣಿ ನಿಲ್ಲಸ್ತಿದ್ದದ್ದು ಲಗ್ನಕ್ಕ, ನಿಮ್ಮ ಬೀಡಿಗಲ್ಲ." ಎಂದಳು ತಂಗಿ. ಅಂಗಡಿಯಲ್ಲಿ ನಾನು ಮೇಜನ್ನು ಹಿಂದಿನ ಗೋಡೆಗೆ ಹಚ್ಚಿದ್ದೆ. ಅವಳು ಅದನ್ನು ಎಳೆದು ರಸ್ತೆಗೆ ಮುಖ ಮಾಡಿ ಇಟ್ಟಳು. ನನ್ನ ಕುರ್ಚಿ ಸರಿದು ಬಾಗಿಲ ಪಕ್ಕಕ್ಕೆ ಹೋಯಿತು. ಕಪಾಟಿನ ಬೀಗ ಈಗ ಎಲ್ಲಿದೆಯೋ ನನಗೆ ಗೊತ್ತಿಲ್ಲ.

ಅವತ್ತು ಮಧ್ಯಾಹ್ನವೇ ಗೋಕಾಕದ ಕಡೆಯವರೊಬ್ಬರು ಮಗನ ಮದುವೆಯ ಶೂಟಿಂಗ್ ಗೊತ್ತು ಮಾಡಲು ಬಂದರು. ಎಲ್ಲ ಮಾತು ಮುಗಿದ ಮೇಲೆ ಕೇಳಿದರು, "ಮಿಕ್ಸಿಂಗ್ ಎಲ್ಲಿ ಮಾಡಸ್ತೀರಿ?"

"ಇಲ್ಲೇರಿ! ನನ್ನ ತಂಗಿ ಮಾಡ್ತಾಳ!" ಎಂದೆ. ಇಷ್ಟು ವರ್ಷದ ಬಾಕಿ ಒಟ್ಟಿಗೆ ಬಂದಂತೆ ದನಿ ಬಹಳ ಜೋರಾಯಿತು. ಹೊರಗೆ ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು.

ತಂಗಿ ಪರದೆಯಿಂದ ಕಣ್ಣು ಎತ್ತಲಿಲ್ಲ. ಯಾವುದೋ ಊರಿನ ಹಳೆಯ ಕ್ಯಾಸೆಟ್ಟು ಓಡುತ್ತಿತ್ತು.

"ಸಣ್ಣಾಗಿ ಮಾತಾಡೋ ಅಣ್ಣಾ" ಎಂದಳು. "ಇಲ್ಲಿ ಹೆಣ್ಣಿನ ತಾಯಿ ಹಾಡಾಕತ್ತಾಳ."